ಪೂರ್ತಿ ಖಾಲಿ ಮಾಡಿದ ಮೇಲೆ

ನ್ಯೂಟೌನ್, ಭದ್ರಾವತಿ
2 ನವೆಂಬರ್ 1997

ಪ್ರೀತಿಯ ಶೀಲಾ,

ನೀನೂ ಮಲ್ಲಿಕ್ ಅವರೂ ಚೆನ್ನಾಗಿದ್ದೀರಿ ಎಂದು ನಿನ್ನೆ ಸಂಜೆ ರೇಡಿಯೊದಲ್ಲೇ ಕೇಳಿದ್ದಾಯಿತು. ಆದ್ದರಿಂದ ಆ ನಾಲ್ಕು ಸಾಲು ಬಿಟ್ಟು ನೇರ ಜಗಳಕ್ಕೆ ಬರುತ್ತೇನೆ.

"ಅಣ್ಣಾ, ಮೊನ್ನೆ ಪೇಟೇಲಿ ಏನಾಯ್ತು ಗೊತ್ತಾ" ಎಂದವಳು ಅಲ್ಲಿಗೇ ಮಾಯವಾದೆ. ಪೇಟೆಯಲ್ಲಿ ಏನಾಯಿತು ಮಾರಾಯ್ತಿ? ಅವ್ವ ನನ್ನನ್ನು ಊಟಕ್ಕೆ ಕೂರಲೂ ಬಿಡಲಿಲ್ಲ. "ಯಾರಾದ್ರೂ ಏನಾದ್ರೂ ಅಂದ್ರೇನೋ, ಕೇಳೋ" ಎಂದು ಒಂದೇ ಸಮ. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ನೀನು. ಒಂದು ಬ್ಯಾಟರಿ ಸಾಕಲು ಬರುವುದಿಲ್ಲವೆಂದರೆ ಈ ಹುಚ್ಚು ಹಿಡಿಸಿದ ನನ್ನ ಮಾನ ಹೋಗುತ್ತದೆ.

ಸರಿಯಾಗಿ ಓದು. ನಿನ್ನ ಕೈಸೆಟ್ಟಿನ ಹಿಂಬದಿಯಲ್ಲಿರುವ ಬ್ಯಾಟರಿ ಪ್ಯಾಕ್ ನಿಕಲ್ ಕ್ಯಾಡ್ಮಿಯಂನದು. ಅದಕ್ಕೊಂದು ಕೆಟ್ಟ ಬುದ್ಧಿಯಿದೆ. ಅರ್ಧ ಖಾಲಿಯಾದಾಗಲೆಲ್ಲ ಚಾರ್ಜಿಗೆ ಹಾಕುತ್ತ ಬಂದರೆ, ತನ್ನ ಹೊಟ್ಟೆ ಅಷ್ಟೇ ಎಂದು ನೆನಪಿಟ್ಟುಕೊಂಡುಬಿಡುತ್ತದೆ. ಆಮೇಲೆ ಎಷ್ಟು ತುಂಬಿದರೂ ಅರ್ಧಕ್ಕೇ ಕೈಕೊಡುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡು. ಒಂದು ಸಣ್ಣ ಬಲ್ಬ್ ಕಟ್ಟಿ, ಅದು ಮಂಕಾಗುವವರೆಗೆ ಉರಿಸು. ಆಮೇಲೆ ಹದಿನಾಲ್ಕು ಗಂಟೆ ಚಾರ್ಜು. ಹನ್ನೆರಡಲ್ಲ, ಹದಿನಾಲ್ಕು. ಪ್ಯಾಕಿನ ಬದಲು ಮಾಮೂಲಿ ಸೆಲ್ ಹಾಕುವ ಡಬ್ಬಿ ನನ್ನ ಹತ್ತಿರ ಒಂದೇ ಇದೆ. ಕೇಳಬೇಡ, ಕೊಡುವುದಿಲ್ಲ. ಅದಿದ್ದರೆ ನೀನು ಶಿಸ್ತು ಕಲಿಯುವುದಿಲ್ಲ.

ಇನ್ನು ಮನೆಯ ವಿಷಯ. ಇದನ್ನು ರೇಡಿಯೊದಲ್ಲಿ ಹೇಳುವಂತಿಲ್ಲ. ಊರವರೆಲ್ಲ ಕೇಳಬಹುದು ಎಂಬುದು ಒಂದು. ಅಪ್ಪ ಪಕ್ಕದಲ್ಲೇ ಇರುತ್ತಾರೆ ಎಂಬುದು ಇನ್ನೊಂದು. ಹೌದು, ಪಕ್ಕದಲ್ಲೇ. ನಿನ್ನ ಮದುವೆಯಾದ ಮೂರು ವರ್ಷದಿಂದ ನಿನ್ನ ಹೆಸರೆತ್ತದ ನಮ್ಮಪ್ಪ ಪುಟ್ಟಪ್ಪನವರು, ಏಳೂವರೆಗೆ ನೀನು ಬರುವ ಹೊತ್ತಿಗೆ ಸರಿಯಾಗಿ ಪೇಪರ್ ಹಿಡಿದು ಕುರ್ಚಿಯಲ್ಲಿ ಹಾಜರು. ನೀನು ಮಾತು ಮುಗಿಸುವವರೆಗೆ ಒಂದು ಹಾಳೆಯನ್ನೂ ತಿರುಗಿಸುವುದಿಲ್ಲ. ಎರಡು ತಿಂಗಳಿಂದ ಅವರ ಗಂಟಲು ಕಟ್ಟಿದೆ. ಕಷಾಯ ನಡೆಯುತ್ತಿದೆ.

ಇಂತಿ ನಿನ್ನ ಅಣ್ಣ,
ಚಂದ್ರಹಾಸ

*

ರಾಗಿಗುಡ್ಡ, ಶಿವಮೊಗ್ಗ
9 ನವೆಂಬರ್ 1997

ಅಣ್ಣಾ,

ಪೇಟೆಯಲ್ಲಿ ಏನೂ ಆಗಲಿಲ್ಲ. ಗಾಂಧಿ ಬಜಾರಿನಲ್ಲಿ ಹಸು ಒಂದು ಮಲ್ಲಿಕ್ ಕೈಯಲ್ಲಿದ್ದ ಬಾಳೆಗೊನೆಯನ್ನೇ ಎಳೆದುಕೊಂಡು ಹೋಯಿತು, ಅಷ್ಟೇ. ಅವ್ವನಿಗೆ ಹೇಳು.

ನಿನ್ನ ಬ್ಯಾಟರಿಯ ನೇಮನಿಷ್ಠೆ ನಮ್ಮ ಅತ್ತೆಯ ಶಿವರಾತ್ರಿಗೂ ಇಲ್ಲ. ಹದಿನಾಲ್ಕು ಗಂಟೆ ಎಂದು ಬರೆಯುವವನಿಗೆ ಏನು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗುವುದಿಲ್ಲ. ಇಲ್ಲಿ ದಿನಕ್ಕೆ ಎರಡು ಸಲ ಹೋಗುತ್ತದೆ. ಮಧ್ಯೆ ಹೋದರೆ ಲೆಕ್ಕ ಮೊದಲಿನಿಂದಲೋ, ಮುಂದುವರಿಸಿಯೋ? ಅದನ್ನು ನೀನು ಬರೆದಿಲ್ಲ. ಆದರೂ ಹೇಳಿದಂತೆ ಮಾಡಿದೆ. ಮಲ್ಲಿಕ್ ಸ್ಕೂಟರಿನ ಇಂಡಿಕೇಟರ್ ಬಲ್ಬ್ ಬಿಚ್ಚಿ ಪ್ಯಾಕಿಗೆ ಕಟ್ಟಿದೆ. ಅವರು ಎಡಕ್ಕೆ ತಿರುಗುವಾಗ ಕೈ ತೋರಿಸಿಕೊಂಡು ಹೋಗುತ್ತಿದ್ದಾರೆ.

ಪೇಪರಿನ ವಿಷಯ ಓದಿ ಒಂದಿಷ್ಟು ಅತ್ತುಬಿಟ್ಟೆ. ನೀನು ಗುಂಡಿ ಒತ್ತಿ ಮಾತಾಡುವಾಗ ಹಿಂದೆ ಕೆಮ್ಮು ಕೇಳಿಸುತ್ತದೆ. ಅದು ಯಾರದೆಂದು ನಾನು ಯಾವತ್ತೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಕಷಾಯದಲ್ಲಿ ಕಾಲ ಕಳೆಯಬೇಡಿ. ಕಾರ್ಖಾನೆಯ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಿನ್ನ
ಶೀಲಾ

*

ನ್ಯೂಟೌನ್, ಭದ್ರಾವತಿ
14 ಡಿಸೆಂಬರ್ 1997

ಶೀಲಾ,

ಮಲ್ಲಿಕ್ ಮನೆಯಲ್ಲಿರುವಾಗ ಇದನ್ನು ಓದು.

ಒಂದು ವಾರದಿಂದ ಸಂಜೆ ನಿನ್ನ ಹತ್ತಿರ ಹವಾಮಾನವನ್ನೂ ಆಂಟೆನಾವನ್ನೂ ಮಾತಾಡುತ್ತಿದ್ದೇನೆ. ಅಪ್ಪ ಪಕ್ಕದಲ್ಲಿರುವಾಗ ಬೇರೆ ಏನು ಹೇಳಲಿ? ಅವರ ಗಂಟಲಲ್ಲಿ ಗಡ್ಡೆಯಿದೆ. ಇಲ್ಲಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಅಲ್ಲಿ ಚೂರು ತೆಗೆದು ನೋಡಿದರು. ಅದೇ ಕಾಯಿಲೆ. ಜನವರಿ ಐದಕ್ಕೆ ಆಪರೇಷನ್. ಜೀವಕ್ಕೆ ಭಯವಿಲ್ಲವಂತೆ. ಆದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ಆಮೇಲೆ ಕುತ್ತಿಗೆಯ ತೂತಿನಲ್ಲಿ ಉಸಿರಾಡಬೇಕು. ಮಾತು ಇರುವುದಿಲ್ಲ. ಇನ್ನು ಯಾವತ್ತಿಗೂ ಇಲ್ಲ.

ಡಾಕ್ಟರು ಹೇಳುವಾಗ ಅಪ್ಪ ತಲೆಯಾಡಿಸಿಕೊಂಡು ಕೇಳಿದರು. ಹೊರಗೆ ಬಂದ ಮೇಲೆ, "ಮೂವತ್ತೆಂಟು ವರ್ಷ ಕುಲುಮೆ ಮುಂದೆ ಕಿರುಚಿದೀನಿ. ಇನ್ನು ಸಾಕು ಬಿಡು" ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತಳು.

ಓದಿದ ತಕ್ಷಣ ನೀನು ಹೊರಡುತ್ತೀಯ ಎಂದು ಗೊತ್ತು. ಬೇಡ. ಹೋದ ವರ್ಷ ನೀನು ಬಂದಾಗ ಅವರು ಹಿತ್ತಿಲ ಬಾಗಿಲಿಂದ ಎದ್ದುಹೋದದ್ದು ನೆನಪಿದೆ ತಾನೇ? ಮದುವೆಯಾಯಿತೆಂಬುದನ್ನು ಕಾರ್ಖಾನೆ ಗೇಟಿನಲ್ಲಿ ಬೇರೆಯವರ ಬಾಯಿಂದ ಕೇಳಿದ್ದು ಅವರಿಗೆ ಇನ್ನೂ ಆರಿಲ್ಲ. ಜಾತಿಯನ್ನಾದರೂ ನುಂಗುತ್ತಿದ್ದರು, ಇದನ್ನು ನುಂಗಲಿಲ್ಲ. ಈಗ ಅವರನ್ನು ಕೆದಕುವುದು ಬೇಡ.

ಚಂದ್ರಹಾಸ

*

ರಾಗಿಗುಡ್ಡ
18 ಡಿಸೆಂಬರ್ 1997

ಅಣ್ಣಾ,

ಬರುವುದಿಲ್ಲ. ನೀನು ಹೇಳಿದಂತೆ ಕೇಳುತ್ತೇನೆ. ಆದರೆ ನನ್ನದೊಂದು ಮಾತನ್ನು ನೀನು ನಡೆಸಿಕೊಡಬೇಕು.

ಅಪ್ಪನ ದನಿ ನನಗೆ ಒಮ್ಮೆ ಬೇಕು. ಬೈದರೂ ಸರಿ. ಮೂರು ವರ್ಷದಿಂದ ನನಗೆ ಸಿಕ್ಕಿದ್ದು ಕೆಮ್ಮು ಮಾತ್ರ. ನೆನಪು ಮಾಡಿಕೊಂಡರೆ ಕೊನೆಗೆ ಕೇಳಿದ ಮಾತು ಬರುತ್ತದೆ: "ಬಂದ ದಾರಿ ಗೊತ್ತಲ್ಲ, ನಡಿ." ಇನ್ನು ಬದುಕಿರುವಷ್ಟು ದಿನ ಇದೊಂದನ್ನೇ ಇಟ್ಟುಕೊಳ್ಳಬೇಕೇ? ಚಿಕ್ಕವಳಿದ್ದಾಗ 'ಶೀಲಿ' ಎಂದು ಬೀದಿ ತುದಿಯಿಂದ ಕೂಗುತ್ತಿದ್ದರಲ್ಲ, ಅದು ಹೇಗಿತ್ತೆಂದು ಎಷ್ಟು ಪ್ರಯತ್ನಿಸಿದರೂ ಕಿವಿಗೆ ಬರುತ್ತಿಲ್ಲ.

ಎದುರಿಗೆ ಬಂದರೆ ಅವರು ಎದ್ದುಹೋಗುತ್ತಾರೆ. ರೇಡಿಯೊದಲ್ಲಾದರೆ ಮುಖ ನೋಡಬೇಕಾಗಿಲ್ಲ. ಸೆಟ್ಟನ್ನು ಅವರ ಕೈಗೆ ಕೊಡು. ಲೈಸೆನ್ಸ್ ಇಲ್ಲದವರು ಮಾತಾಡುವಂತಿಲ್ಲ ಎಂದು ನಿಯಮ ಓದಬೇಡ. ನೀನು ಪಕ್ಕದಲ್ಲಿ ನಿಂತರೆ ಆಗುತ್ತದೆ ಎಂಬುದು ನನಗೂ ಗೊತ್ತು. ನಿಂತಿಲ್ಲದಿದ್ದರೂ ಆಗಲಿ.

ಶೀಲಾ

*

ನ್ಯೂಟೌನ್
24 ಡಿಸೆಂಬರ್ 1997

ಶೀಲಾ,

ಕೇಳಿದೆ. ಮೊದಲ ದಿನ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಎರಡನೆಯ ದಿನವೂ ಇಲ್ಲ. ಇವತ್ತು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುತ್ತಿದ್ದಾಗ ಅಪ್ಪ ಸೆಟ್ಟಿನ ಕಡೆ ನೋಡಿಕೊಂಡು, "ಅದು ಹೆಂಗೆ ಒತ್ತೋದು?" ಎಂದರು!

ಗಡಿಬಿಡಿಯಲ್ಲಿ ಟಿಫನ್ ಡಬ್ಬಿ ಬಿಟ್ಟು ಹೋದೆ. ಜನವರಿ ಒಂದನೇ ತಾರೀಖು, ಗುರುವಾರ ಸಂಜೆ ಮಾತಾಡುತ್ತಾರೆ. ಮೂರಕ್ಕೆ ನಾವು ಬೆಂಗಳೂರಿಗೆ ಹೊರಡುತ್ತೇವೆ.

ಆವತ್ತು ನಿನ್ನ ಸೆಟ್ಟು ಮಧ್ಯದಲ್ಲಿ ಕೈಕೊಟ್ಟರೆ ನಿನ್ನನ್ನು ಜೀವಸಹಿತ ಬಿಡುವುದಿಲ್ಲ. ಆದ್ದರಿಂದ ಹೀಗೆ ಮಾಡು: ಶನಿವಾರ ಸಂಜೆ ಪ್ಯಾಕನ್ನು ಬಲ್ಬ್ ಕಟ್ಟಿ ಪೂರ್ತಿ ಖಾಲಿ ಮಾಡು. ಭಾನುವಾರ ಇಡೀ ದಿನ ಚಾರ್ಜಿಗೆ ಹಾಕು. ಆಮೇಲೆ ಗುರುವಾರದವರೆಗೆ ಮುಟ್ಟಲೇಬೇಡ. ಎರಡು ಗಂಟೆ ಮಾತಾಡಿದರೂ ನಿಲ್ಲಬಾರದು.

ಅವ್ವ ನಗುತ್ತಿದ್ದಾಳೆ. ಎಷ್ಟೋ ದಿನವಾಗಿತ್ತು.

ಚಂದ್ರಹಾಸ

*

ಬೆಂಗಳೂರು
29 ಡಿಸೆಂಬರ್ 1997

ಶೀಲಾ,

ಭಾನುವಾರ ಮಧ್ಯಾಹ್ನ ಎಲ್ಲಿ ಸತ್ತಿದ್ದೆ?

ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಕಾರ್ಖಾನೆಯ ಆಸ್ಪತ್ರೆಯಿಂದ ಜನ ಬಂದರು. ಇಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ, ಮಂಗಳವಾರವೇ ಆಪರೇಷನ್, ಸೋಮವಾರ ಬೆಳಿಗ್ಗೆ ಹಾಜರಿರಬೇಕು ಎಂದು ಫೋನ್ ಬಂದಿತ್ತಂತೆ. ಸಂಜೆ ಐದರ ಬಸ್ಸು ಹಿಡಿಯಬೇಕು. ನಾನು ಬಟ್ಟೆ ತುಂಬುತ್ತಿದ್ದೆ. ಮೂರು ಗಂಟೆಗೆ ಅಪ್ಪ, "ಕೊಡು ಅದನ್ನ" ಎಂದರು.

ಗುಂಡಿ ತೋರಿಸಿದೆ. ಒತ್ತಿ ಮಾತಾಡಿ, ಬಿಟ್ಟು ಕಾಯಿರಿ, ಅವಳು ಉತ್ತರ ಕೊಡುತ್ತಾಳೆ ಎಂದೆ. "ಗೊತ್ತಾಯ್ತು. ನೀನು ಹೊರಗೆ ಹೋಗು" ಎಂದರು. ಅವ್ವನನ್ನೂ ಕಳಿಸಿದರು. ಭಾನುವಾರ ನಿನ್ನ ಸೆಟ್ಟು ಹಗಲೆಲ್ಲ ಅಡುಗೆಮನೆಯಲ್ಲಿ ಮಾತಾಡುತ್ತಿರುತ್ತದೆಂಬ ಧೈರ್ಯ ನನಗೆ. ಆದರೂ ಇರಲಿ ಎಂದು ಎಸ್‌ಟಿಡಿ ಬೂತಿಗೆ ಓಡಿ ನಿಮ್ಮ ಪಕ್ಕದ ಮನೆ ಭವಾನಿಯವರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ವಾಪಸ್ ಬಂದಾಗ ಸೆಟ್ಟು ಮಂಚದ ಮೇಲಿತ್ತು. ಅಪ್ಪ ಚಪ್ಪಲಿ ಹಾಕಿಕೊಂಡಿದ್ದರು. ತರೀಕೆರೆ ದಾಟಿದ ಮೇಲೆ ಅವರೇ ಹೇಳಿದರು: "ಅವಳು ಮಾತಾಡ್ಲಿಲ್ಲ ಕಣೋ. ಇರ್ಲಿ ಬಿಡು. ಅವಳಿಗೂ ಸಿಟ್ಟಿರುತ್ತೆ, ನನ್ನ ಮಗಳಲ್ವಾ." ಆಮೇಲೆ ಬೆಂಗಳೂರಿನವರೆಗೆ ಕಿಟಕಿ ಕಡೆ ತಿರುಗಿ ಕೂತರು.

ಒಂದು ಸಲ, ಒಂದೇ ಒಂದು ಸಲ ಅವರು ಬಾಯಿ ಬಿಟ್ಟಾಗ ನೀನು ಎಲ್ಲಿ

ಶೀಲಾ, ಮೇಲಿನ ಸಾಲು ಬರೆಯುತ್ತಿದ್ದಾಗಲೇ ನೆನಪಾಯಿತು. ಶನಿವಾರ ಖಾಲಿ ಮಾಡು, ಭಾನುವಾರ ಚಾರ್ಜಿಗೆ ಹಾಕು ಎಂದು ಬರೆದವನು ನಾನೇ. ಈ ಹಾಳೆಯನ್ನು ಹರಿಯಬೇಕೆನಿಸಿತು. ಹರಿದರೂ ಏನು? ನಿನ್ನ ಕೈಲಿ ಬ್ಯಾಟರಿ ಇಲ್ಲದ ಹಾಗೆ ಮಾಡಿದವನು ನಾನು. ಈಗಲೇ ಒಳಗೆ ಹೋಗಿ ಅಪ್ಪನಿಗೆ ಹೇಳಿದೆ. ತಲೆಯಾಡಿಸಿದರು. ನನಗೆ ಸಮಾಧಾನವಾಗಲಿ ಎಂದು ಆಡಿಸಿದಂತಿತ್ತು.

ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಭವಾನಿಯವರ ಮನೆಯಲ್ಲಿ ಇವತ್ತೂ ಫೋನ್ ಎತ್ತುವವರಿಲ್ಲ, ನಿನಗೆ ಈ ಕಾಗದ ಆಮೇಲೆ ಸಿಗುತ್ತದೆ.

ಚಂದ್ರಹಾಸ

*

ರಾಗಿಗುಡ್ಡ
11 ಜನವರಿ 1998

ಅಣ್ಣಾ,

ಬೆಂಗಳೂರಿನಿಂದ ಬಂದು ನಾಲ್ಕು ದಿನವಾಯಿತು. ವಾರ್ಡಿನಲ್ಲಿ ಅವ್ವ ನಮ್ಮಿಬ್ಬರ ಮಧ್ಯೆ ಇದ್ದಳು, ಏನನ್ನೂ ಹೇಳಲಾಗಲಿಲ್ಲ. ಅಪ್ಪ ನನ್ನನ್ನು ಕಂಡವರು ಒಂದು ಕ್ಷಣ ನೋಡಿ ಗೋಡೆ ಕಡೆ ತಿರುಗಿದರಲ್ಲ, ಆಗ ನೀನು ನನ್ನ ತೋಳು ಹಿಡಿದುಕೊಂಡೆ.

ಆ ಭಾನುವಾರ ನಡೆದದ್ದನ್ನು ಬರೆಯುತ್ತೇನೆ, ಓದು. ಶನಿವಾರ ಸಂಜೆ ಬಲ್ಬ್ ಕಟ್ಟಿದೆ. ಒಂದು ಗಂಟೆಯಲ್ಲಿ ಮಂಕಾಯಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಚಾರ್ಜಿಗೆ ಹಾಕಿದೆ. ಹತ್ತಕ್ಕೆ ಕರೆಂಟು ಹೋಯಿತು. ಬಂದಾಗ ನಾಲ್ಕು. ಮೂರು ಗಂಟೆಗೆ ಸೆಟ್ಟು ನನ್ನ ಕೈಯಳತೆಯಲ್ಲೇ ಇತ್ತು. ನಾನು ಅದರ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ನಾಲ್ಕು ಗಂಟೆಯ ಚಾರ್ಜಾದರೂ ಅದರಲ್ಲಿತ್ತು ಅಣ್ಣಾ! ಪ್ಯಾಕ್ ಹಾಕಿ ಸ್ವಿಚ್ಚು ತಿರುಗಿಸಿದ್ದರೆ ಸೆಟ್ಟು ಮಾತಾಡುತ್ತಿತ್ತು. ಹದಿನಾಲ್ಕು ಗಂಟೆ ಚಾರ್ಜು, ಗುರುವಾರದವರೆಗೆ ಮುಟ್ಟಲೇಬೇಡ ಎಂದಿದ್ದೆಯಲ್ಲ, ಮುಟ್ಟಲಿಲ್ಲ. ನನ್ನ ಜೀವಮಾನದಲ್ಲಿ ನಿನ್ನ ಮಾತನ್ನು ಅಕ್ಷರಶಃ ಕೇಳಿದ್ದು ಅದೊಂದೇ ದಿನ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದು ಕೂತೆ. ಸಿಟ್ಟಿದೆ. ನನ್ನ ಮೇಲೂ ಇದೆ. ಅದಿರಲಿ. ಅಪ್ಪ ಏನು ಹೇಳಿದರು? ಅದನ್ನು ಕೇಳಿ ತಿಳಿಸು.

ಶೀಲಾ

*

ನ್ಯೂಟೌನ್
25 ಜನವರಿ 1998

ಶೀಲಾ,

ಮನೆಗೆ ಬಂದೆವು. ಅಪ್ಪನಿಗೆ ಸ್ಲೇಟು ತಂದುಕೊಟ್ಟಿದ್ದೇನೆ. ಗಂಜಿ, ನೀರು, ಫ್ಯಾನು ಎಲ್ಲವನ್ನೂ ಅದರಲ್ಲೇ ಬರೆಯುತ್ತಾರೆ.

ಆವತ್ತು ಏನು ಹೇಳಿದಿರಿ ಎಂದು ಅಪ್ಪನನ್ನು ಕೇಳಿದೆ. "ಅವಳಿಗೆ ಕೇಳಿಸಿದೆ ಬಿಡು" ಎಂದು ಬರೆದು ಒರೆಸಿಬಿಟ್ಟರು. ಬ್ಯಾಟರಿ, ಕರೆಂಟು ಎಂದು ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಬಳಪ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಶಿಫ್ಟಿಗೆ ತಡವಾಗಿ ಬಂದವರ ನೆಪಗಳನ್ನು ಮೂವತ್ತೆಂಟು ವರ್ಷ ಹಾಗೆಯೇ ಕೇಳಿದವರು ಅವರು.

ಈಗ ಏಳೂವರೆಗೆ ಅಪ್ಪ ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಸೆಲ್ ಹಾಕುವ ಡಬ್ಬಿಯನ್ನು ನಿನಗೇ ಕಳಿಸುತ್ತಿದ್ದೇನೆ, ಇಟ್ಟುಕೋ.

ಚಂದ್ರಹಾಸ

*

ರಾಗಿಗುಡ್ಡ
8 ಫೆಬ್ರವರಿ 1998

ಹಿರಿಯರಾದ ಪರಮೇಶ್ವರಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಜವಳಿ ಅಂಗಡಿಗೆ ಇಲ್ಲಿಂದ ಹದಿನೈದು ನಿಮಿಷದ ದಾರಿ. ಎರಡು ಸಲ ಬಂದು, ಗಿರಾಕಿಗಳ ನಡುವೆ ಬಾಯಿ ಬರದೆ ರವಿಕೆ ಬಟ್ಟೆ ತೆಗೆದುಕೊಂಡು ವಾಪಸಾದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನಗೂ ಅಣ್ಣನಿಗೂ ಹ್ಯಾಮ್ ಪರೀಕ್ಷೆಗೆ ಪಾಠ ಹೇಳಿದವರು ನೀವು. ನಿಮ್ಮ ಸೆಟ್ಟು ಗಲ್ಲಾಪೆಟ್ಟಿಗೆಯ ಪಕ್ಕ ದಿನವಿಡೀ ತೆರೆದಿರುತ್ತದೆ. ಡಿಸೆಂಬರ್ 28, ಭಾನುವಾರ ಮಧ್ಯಾಹ್ನ ಮೂರರ ಸುಮಾರಿಗೆ, ನಾವು ದಿನವೂ ಮಾತಾಡುವ ಫ್ರೀಕ್ವೆನ್ಸಿಯಲ್ಲಿ ಒಬ್ಬರು ವಯಸ್ಸಾದವರ ದನಿ ನಿಮಗೇನಾದರೂ ಕೇಳಿಸಿತೇ? ಗಂಟಲು ಕಟ್ಟಿದ ದನಿ. ಅದು ನನ್ನ ತಂದೆ. ನನ್ನ ಬ್ಯಾಟರಿ ಖಾಲಿಯಿತ್ತು, ನಾನು ಕೇಳಲಿಲ್ಲ. ಎರಡು ದಿನದ ಮೇಲೆ ಅವರ ದನಿಯನ್ನು ತೆಗೆದುಹಾಕಿದರು.

ಕೇಳಿಸಿದ್ದರೆ ಏನಿತ್ತೋ ಅದನ್ನು ಹಾಗೆಯೇ ತಿಳಿಸಿ.

ಶೀಲಾ ಮಲ್ಲಿಕ್

*

ಗಾಂಧಿ ಬಜಾರ್, ಶಿವಮೊಗ್ಗ
13 ಫೆಬ್ರವರಿ 1998

ಚಿ. ಸೌ. ಶೀಲಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದ ಮೇಲೆ ಎರಡು ದಿನ ಅಂಗಡಿಯಲ್ಲಿ ಮನಸ್ಸಿಟ್ಟು ಕೂರಲಾಗಲಿಲ್ಲ. ನನಗೆ ಕೇಳಿಸಿತ್ತು, ತಾಯಿ.

ನಮಗಲ್ಲದ ಸಂದೇಶ ಕಿವಿಗೆ ಬಿದ್ದರೆ ಅದನ್ನು ಹೊರಗೆ ಹೇಳಬಾರದೆಂದು ನಿಮಗೆ ಪಾಠ ಮಾಡಿದವನು ನಾನೇ. ಆದರೆ ಅದು ನಿನಗೇ ಬಂದ ಮಾತು. ನಿನಗೆ ಹೇಳದೆ ಇಟ್ಟುಕೊಂಡರೆ ಕದ್ದಂತೆ. ಆದ್ದರಿಂದ ಬರೆಯುತ್ತೇನೆ.

ಭಾನುವಾರ ಅಂಗಡಿಗೆ ರಜೆ. ಜನರೇಟರ್ ಹಾಕಿಕೊಂಡು ದಾಸ್ತಾನು ನೋಡುತ್ತಿದ್ದೆ. ದನಿ ಬಂತು. ನಾವೆಲ್ಲ ಗುರುತಿಗೆ ಹೇಳುವ ಕಾಲ್‌ಸೈನ್ ಹೇಳಲಿಲ್ಲ. "ಶೀಲೀ, ನಾನು. ಊಟ ಆಯ್ತಾ?" ಎಂದರು. ಗುಂಡಿ ಬಿಟ್ಟು ಕಾದರು. ತುಂಬ ಹೊತ್ತು ಕಾದರು. ಮತ್ತೆ, "ಇವತ್ತೇ ಬೆಂಗ್ಳೂರಿಗೆ ಹೋಗ್ತಿದೀನಿ. ಕೇಳಿಸ್ತಾ?" ಎಂದರು. ಮತ್ತೆ ಕಾದರು. ಮೂರನೆಯ ಸಲ ಅವರು ಹೇಳಿದ್ದು ಇಷ್ಟು: "ಸಿಟ್ಟಿದ್ರೆ ಇರ್ಲಿ ಮಗಾ. ಮಾತಾಡೋದು ಬೇಡ. ಒಂದ್ಸಲ ಹೂಂ ಅನ್ನು, ಸಾಕು."

ಅಲ್ಲಿಗೆ ನಾನು ಸೆಟ್ಟು ಆರಿಸಿಬಿಟ್ಟೆ. ತಂದೆ ಮಗಳ ಮಾತನ್ನು ಕೂತು ಕೇಳುವುದು ಸರಿಯಲ್ಲವೆನಿಸಿತು. ಆಮೇಲೆ ಇನ್ನೇನು ಹೇಳಿದರೋ ನನಗೆ ತಿಳಿಯದು.

ಇನ್ನೊಂದನ್ನೂ ಹೇಳಬೇಕು. ನೀನು ಉತ್ತರ ಕೊಡುತ್ತಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. "ಅವಳು ಅಲ್ಲಿಲ್ಲ, ಯಜಮಾನರೇ" ಎಂದು ಒಂದು ಮಾತು ನಾನು ಹೇಳಬಹುದಿತ್ತು. ಗುಂಡಿಯ ಮೇಲೆ ಬೆರಳೂ ಇತ್ತು. ಕಾಲ್‌ಸೈನ್ ಇಲ್ಲದವರಿಗೆ ಉತ್ತರ ಕೊಡಬಾರದೆಂಬ ನಿಯಮವನ್ನು ಇಪ್ಪತ್ತೆರಡು ವರ್ಷ ಪಾಲಿಸಿದವನು ನಾನು. ಆವತ್ತೂ ಪಾಲಿಸಿದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನೀನು ಒಪ್ಪಿದರೆ ನಾನೇ ಭದ್ರಾವತಿಗೆ ಹೋಗಿ ನಿನ್ನ ತಂದೆಗೆ ಎಲ್ಲವನ್ನೂ ವಿವರಿಸುತ್ತೇನೆ. ನನ್ನ ವಯಸ್ಸಿಗಾದರೂ ಅವರು ಬೆಲೆ ಕೊಡಬಹುದು.

ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಪರಮೇಶ್ವರಪ್ಪ

*

ನ್ಯೂಟೌನ್
2 ಮಾರ್ಚ್ 1998

ಶೀಲಾ,

ಪರಮೇಶ್ವರಪ್ಪನವರು ನಿನ್ನೆ ಬಂದಿದ್ದರು. ಹಣ್ಣು ತಂದಿದ್ದರು. ಅಪ್ಪನ ಎದುರು ಕೂತು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ನೀವು ಹೇಳಿದ ಮೂರೂ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು, ಆದರೆ ನಿಮ್ಮ ಮಗಳಿಗೆ ಕೇಳಿಸಲಿಲ್ಲ, ಅವಳ ಬ್ಯಾಟರಿ ಖಾಲಿಯಿತ್ತು ಎಂದರು. ಆ ಮಾತುಗಳನ್ನು ಬೇರೆಯವರ ಬಾಯಲ್ಲಿ ಕೇಳುವಾಗ ಅಪ್ಪನ ಮುಖ ನೋಡಲಾಗಲಿಲ್ಲ. ನಾನು ಹೊರಗೆ ನೋಡಿದೆ.

ಅಪ್ಪ ಸ್ಲೇಟು ಎತ್ತಿಕೊಂಡು ಬರೆದರು: "ಗಾಂಧಿ ಬಜಾರಿಗೆ ಕೇಳಿಸ್ತು. ರಾಗಿಗುಡ್ಡಕ್ಕೆ ಕೇಳಿಸ್ಲಿಲ್ವಾ?"

ಇಷ್ಟು ದಿನ ಸೆಟ್ಟೇ ಕೆಲಸ ಮಾಡಿರಲಿಕ್ಕಿಲ್ಲ ಎಂಬ ಸಣ್ಣ ಅನುಮಾನವಾದರೂ ಅವರಿಗಿತ್ತು. ಅದನ್ನೂ ನಾವು ತೆಗೆದುಬಿಟ್ಟೆವು. ಮಾತು ಶಿವಮೊಗ್ಗ ಮುಟ್ಟಿತ್ತೆಂದು ಈಗ ಸಾಕ್ಷಿ ಸಮೇತ ಸಾಬೀತಾಗಿದೆ. ಪರಮೇಶ್ವರಪ್ಪನವರು ಏನೇನೋ ತಡವರಿಸಿದರು. ಅಪ್ಪ ಮರ್ಯಾದೆಯಿಂದ ಕೈ ಮುಗಿದು, ಅವರಿಗೆ ಕಾಫಿ ಕೊಡಲು ಅವ್ವನಿಗೆ ಸನ್ನೆ ಮಾಡಿದರು.

ಇನ್ನು ಏನು ಮಾಡಬೇಕೆಂದು ನನಗೆ ಹೊಳೆಯುತ್ತಿಲ್ಲ.

ಚಂದ್ರಹಾಸ

*

ರಾಗಿಗುಡ್ಡ
9 ಮಾರ್ಚ್ 1998

ಅಣ್ಣಾ,

ಇನ್ನು ಯಾರನ್ನೂ ಕಳಿಸಬೇಡ. ಯಾರೂ ಏನೂ ವಿವರಿಸುವುದು ಬೇಡ. ನಾವು ಬಾಯಿ ಬಿಟ್ಟಷ್ಟೂ ನಾನು ಕಲ್ಲಾಗುತ್ತಿದ್ದೇನೆ ಅವರ ಕಣ್ಣಲ್ಲಿ.

ಒಂದು ಹೂಂ ಕೇಳಿದರಂತೆ. ಮೂರು ವರ್ಷ ಬಿಗಿದ ಬಾಯಿಯನ್ನು ಬಿಚ್ಚಿ, ನನ್ನ ಹತ್ತಿರ ಅಷ್ಟನ್ನೇ ಬೇಡಿದರಂತೆ. ಮಗಳು ಅದನ್ನೂ ಕೊಡಲಿಲ್ಲ ಎಂದುಕೊಂಡೇ ಆಪರೇಷನ್ ಟೇಬಲ್ ಮೇಲೆ ಮಲಗಿದರು. ಇದನ್ನು ನೆನೆದಾಗಲೆಲ್ಲ ಕೈಲಿದ್ದ ಪಾತ್ರೆ ಜಾರುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಏನಾಯಿತೆಂದು ಕೇಳುವುದನ್ನೇ ಅತ್ತೆ ಈಗ ಬಿಟ್ಟಿದ್ದಾರೆ.

ಕಾಗದ ಬರೆಯೋಣವೆಂದರೆ ನನ್ನ ಕಾಗದವನ್ನು ಅವರು ಒಡೆಯುವುದಿಲ್ಲ. ಬಂದರೆ ಎದ್ದುಹೋಗುತ್ತಾರೆ. ಎದ್ದುಹೋಗುವಾಗ ಬೈಯಲಿಕ್ಕೂ ಆಗದು ಪಾಪ. ಸೆಟ್ಟನ್ನು ಮಾತ್ರ ನೀನು ಕಳಿಸಿದ ಡಬ್ಬಿಯಲ್ಲಿ ಸೆಲ್ ಹಾಕಿ ಬೆಳಿಗ್ಗೆಯಿಂದ ಮಲಗುವವರೆಗೆ ತೆರೆದಿಡುತ್ತೇನೆ. ಯಾಕೆಂದು ಕೇಳಬೇಡ. ಮಾತಾಡಲು ಇನ್ನು ಯಾರೂ ಇಲ್ಲವೆಂದು ನನಗೂ ಗೊತ್ತು.

ಶೀಲಾ

*

ನ್ಯೂಟೌನ್
5 ಏಪ್ರಿಲ್ 1998, ಭಾನುವಾರ ಮಧ್ಯಾಹ್ನ ಎರಡು ಗಂಟೆ

ಶೀಲಾ,

ಇದು ಭವಾನಿಯವರ ಫೋನಿನಲ್ಲಿ ಹೇಳುವಂಥದ್ದಲ್ಲ, ಅಂಚೆಗೆ ಹಾಕಿದರೆ ಎರಡು ದಿನವಾಗುತ್ತದೆ. ಆದ್ದರಿಂದ ಇದನ್ನು ಎರಡೂವರೆ ಬಸ್ಸಿನ ಕಂಡಕ್ಟರ್ ಜಯಪ್ಪನ ಕೈಗೆ ಕೊಡುತ್ತೇನೆ. ಮನೆಗೇ ತಲುಪಿಸುತ್ತೇನೆಂದು ಹೇಳಿದ್ದಾನೆ.

ನಾನು ಹಳೇನಗರದ ಸಂತೆಗೆ ಹೋಗಿದ್ದೆ. ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಒಳಗೆ ಹೋಗಿ ನೋಡೋ" ಎಂದಳು. ಅಪ್ಪ ಮಂಚದ ಮೇಲೆ ಕೂತು ನನ್ನ ಸೆಟ್ಟನ್ನು ತಟ್ಟುತ್ತಿದ್ದರು, ಅಲ್ಲಾಡಿಸುತ್ತಿದ್ದರು, ಕಿವಿಗಿಟ್ಟುಕೊಳ್ಳುತ್ತಿದ್ದರು. ಅವ್ವ ಹೇಳಿದ್ದು ಇಷ್ಟು: "ನಾನು ಅಡುಗೆಮನೆಯಿಂದ ನೋಡ್ತಿದ್ದೆ. ಮೊದ್ಲು ಸುಮ್ನೆ ಕೈಲಿ ಹಿಡ್ಕಂಡಿದ್ರು. ಆಮೇಲೆ ಗುಂಡಿ ಒತ್ತಿದ್ರು. ಒತ್ತಿದ್ದನ್ನ ಬಿಡ್ಲೇ ಇಲ್ಲ ಕಣೋ. ಕುತ್ತಿಗೆ ತೂತಿನ ಹತ್ರ ಇಟ್ಕಂಡು ಹಂಗೇ ಉಸಿರು ಬಿಡ್ತಾ ಕೂತಿದ್ರು. ಕಾಲು ಗಂಟೆ ಆಗಿರ್ಬೇಕು. ಕೆಂಪು ದೀಪ ಆರೋಯ್ತು."

ನನ್ನ ಪ್ಯಾಕಿನಲ್ಲಿ ಉಳಿದಿದ್ದೇ ಅಷ್ಟು. ಗುಂಡಿ ಒತ್ತಿ ಹಿಡಿದರೆ ಬೇಗ ಮುಗಿಯುತ್ತದೆ. ನಿನಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಅವರು ಒತ್ತಿ ಹಿಡಿದಿರುವಾಗ ನೀನು ಎಷ್ಟು ಕೂಗಿದರೂ ಅವರಿಗೆ ಮುಟ್ಟುವುದಿಲ್ಲ.

ನನ್ನನ್ನು ಕಂಡ ಕೂಡಲೇ ಸ್ಲೇಟು ಎತ್ತಿದರು. "ಇದು ಸತ್ತೋಯ್ತು. ಅವಳು ಏನೋ ಹೇಳ್ತಿದಾಳೇನೋ. ಬೇಗ ಸರಿ ಮಾಡು" ಎಂದು ಬರೆದರು. ಬ್ಯಾಟರಿ ಪೂರ್ತಿ ಖಾಲಿಯಾಗಿದೆ ಅಪ್ಪಾ, ಅವಳು ಹೇಳಿದರೂ ನಮಗೆ ಕೇಳಿಸುವುದಿಲ್ಲ ಎಂದೆ. ನನ್ನ ಮುಖ ನೋಡಿದರು. ಸೆಟ್ಟನ್ನು ನೋಡಿದರು. ನಾನು ಮತ್ತೇನೂ ಹೇಳಲಿಲ್ಲ. ಹೇಳಿ ಹೇಳಿ ಕೆಡಿಸಿದ್ದು ಸಾಕಾಗಿತ್ತು. ಬರೆದದ್ದನ್ನು ಅಂಗೈಯಿಂದ ಒರೆಸಿ, ನಿಧಾನವಾಗಿ ಬರೆದರು: "ಅವತ್ತು ಅವಳದ್ದೂ ಹಿಂಗೇ ಆಗಿತ್ತಾ?"

ನಾನು ತಲೆಯಾಡಿಸಿದೆ.

ಅಪ್ಪ ಅಳುವುದನ್ನು ಇವತ್ತಿನವರೆಗೆ ನಾನು ನೋಡಿರಲಿಲ್ಲ. ದನಿಯೇ ಇಲ್ಲದೆ ಅಳುವವರನ್ನು ಹೇಗೆ ಸಮಾಧಾನ ಮಾಡಬೇಕೆಂದೂ ತಿಳಿಯಲಿಲ್ಲ. ಕುತ್ತಿಗೆಗೆ ಕಟ್ಟಿದ ಬಟ್ಟೆ ಏರಿಳಿಯುತ್ತಿತ್ತು, ಅಷ್ಟೇ. ಅವ್ವ ಬಂದು ಪಕ್ಕದಲ್ಲಿ ಕೂತಳು.

ಸೆಲ್ ಡಬ್ಬಿ ನಿನ್ನ ಹತ್ತಿರವಿದೆ. ಪ್ಯಾಕನ್ನು ಚಾರ್ಜಿಗೆ ಹಾಕಿದೆ. ಎಷ್ಟು ಹೊತ್ತು ಎಂದು ಕೈಸನ್ನೆಯಲ್ಲಿ ಕೇಳಿದರು. ಬೆಳಗಿನ ಜಾವದವರೆಗೆ ಆಗುತ್ತದೆ ಎಂದೆ. ಕುರ್ಚಿಯನ್ನು ಚಾರ್ಜರಿನ ಮುಂದಕ್ಕೆ ಎಳೆದುಕೊಂಡು ಕೂತಿದ್ದಾರೆ. ಊಟಕ್ಕೂ ಏಳುತ್ತಿಲ್ಲ. ನಾನು ಇದನ್ನು ಬರೆಯುವಾಗ ತಿರುಗಿ ನೋಡಿದರು. ಯಾರಿಗೆಂದು ಕೇಳಲಿಲ್ಲ.

ಬಸ್ಸಿಗೆ ಮುಕ್ಕಾಲು ಗಂಟೆ ಸಾಕು. ಹೊರಟು ಬಾ. ಅವರಿಗೆ ನಿನ್ನನ್ನು ಕರೆಯಲಾಗುವುದಿಲ್ಲ, ನೀನು ಬಂದೆಯಾ ಎಂದು ಕೇಳಲೂ ಆಗುವುದಿಲ್ಲ. ಹೊಸ್ತಿಲಲ್ಲಿ ನಿಂತು ಕಾಯಬೇಡ. ಒಳಗೆ ಬರುವಾಗಲೇ ನೀನೇ ಮಾತಾಡಿಕೊಂಡು ಬಾ.

ಚಂದ್ರಹಾಸ